ವದಂತಿಯ ಅಧ್ಯಯನ ಮತ್ತು ಸಾಮಾಜಿಕ ಮನೋವಿಜ್ಞಾನ

1934ರ ಜನವರಿ 15ರ ಬಿಹಾರ ಭೂಕಂಪದ ತರುವಾಯ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದರು ಆಗಿಂದಾಗಲೇ ದಾಖಲಿಸಿದರು. ನೆನಪು ಮಾಸುವ ಮುನ್ನವೇ ನಡೆದ ಈ ಸಂಗ್ರಹಕಾರ್ಯವೇ ಅವರ 1935ರ ಪ್ರಬಂಧದ ಬಲ. ಕಂಪನವನ್ನು ಅನುಭವಿಸಿಯೂ ಹಾನಿಗೊಳಗಾಗದ ಪ್ರದೇಶದ ಜನರಲ್ಲಿ, ಇನ್ನೂ ಘೋರವಾದ ವಿಪತ್ತು ಬರಲಿದೆಯೆಂಬ ಮಾತು ಹರಡಿತ್ತು. ಪಾರಾದವರು ಭಯವನ್ನು ಬೆಳೆಸಿದ್ದೇಕೆ? ಲಿಯಾನ್ ಫೆಸ್ಟಿಂಜರ್ 1957ರ ತಮ್ಮ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟರು: ಭಯ ಮೊದಲೇ ಇತ್ತು, ಅದಕ್ಕೆ ತಕ್ಕ ಕಾರಣ ಕಣ್ಣೆದುರಿಗಿರಲಿಲ್ಲ, ವದಂತಿಯು ಆ ಕಾರಣವನ್ನು ಒದಗಿಸಿತು. ಸಂಜ್ಞಾನಾತ್ಮಕ ಅಸಾಂಗತ್ಯ ಸಿದ್ಧಾಂತದ ಒಂದು ಬೇರು ಹೀಗೆ ಬಿಹಾರದಲ್ಲಿದೆ. ಹಲವು ಪಠ್ಯಪುಸ್ತಕಗಳಲ್ಲಿ ಪ್ರಸಾದರ ಹೆಸರೇ ಕಾಣದಿರುವುದು ವಿಷಾದಕರ. ಡಾರ್ಜಿಲಿಂಗ್ ಭೂಕುಸಿತವನ್ನು ಕುರಿತು ದುರ್ಗಾನಂದ ಸಿನ್ಹಾ ಅವರು 1952ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಫೆಸ್ಟಿಂಜರ್ ಹೋಲಿಕೆಗೆ ಬಳಸಿಕೊಂಡರು: ನಾಶವನ್ನು ಕಣ್ಣಾರೆ ಕಂಡವರಲ್ಲಿ ಅಂಥ ಉತ್ಪ್ರೇಕ್ಷೆ ಇರಲಿಲ್ಲ. ಆದರೆ ಸ್ಥಳ, ಕಾಲ, ಸಂಶೋಧಕ ಮೂರೂ ಬೇರೆಯಾಗಿರುವ ಈ ಹೋಲಿಕೆಯನ್ನು ನಿಯಂತ್ರಿತ ಪ್ರಯೋಗವೆನ್ನಲಾಗದು.