ಸಿ ಇನ್ನೂ ಬಂದಿಲ್ಲ ಮೇಡಂ

"ಮೇಡಂ, ಎಲ್‌ಐಸಿ ಬರ್ತಿದೆ. ಸಿ ಇನ್ನೂ ಬಂದಿಲ್ಲ."

1999ರ ಬೇಸಿಗೆ ರಜೆ ಮುಗಿದ ಮೊದಲ ದಿನ. ಶಿವಮೊಗ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನಾನಾಗ ಇನ್‌ಸ್ಟ್ರಕ್ಟರ್. ಅಟೆಂಡರು ಕಸ ಗುಡಿಸಿ, ಮಾನಿಟರುಗಳ ಹೊದಿಕೆ ಕೊಡವಿ, ಸಾಲಾಗಿ ಮಶಿನು ಹಾಕುತ್ತಾ ಬಂದಿದ್ದರು. ಹದಿನೆಂಟರಲ್ಲಿ ಆರು ಮಶಿನುಗಳು ಕಪ್ಪು ಪರದೆಯ ಮೂಲೆಯಲ್ಲಿ ಎರಡೇ ಅಕ್ಷರ ಬರೆದು ನಿಂತುಬಿಟ್ಟಿದ್ದವು: ಎಲ್, ಐ. ಪಾಲಿಸಿಯ ಕಂತು ಕಟ್ಟಿದ ರಸೀದಿಗಳನ್ನು ಸದಾ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ ಅವರಿಗೆ ಮೂರನೆಯ ಅಕ್ಷರ ಯಾವುದಿರಬೇಕೆಂಬ ಬಗ್ಗೆ ಸಂಶಯವೇ ಇರಲಿಲ್ಲ.

ಆ ಅಕ್ಷರ ಸಿ ಅಲ್ಲ, ಇನ್ನೊಂದು ಎಲ್. ಅದರ ಮುಂದೆ ಓ. ಲಿಲೋ ಎಂಬುದು ಲಿನಕ್ಸ್ ಲೋಡರ್ ಎಂಬುದರ ಮೊಟಕು ರೂಪ, ವೆರ್ನರ್ ಅಲ್ಮೆಸ್‌ಬರ್ಗರ್ ಬರೆದ ಪುಟ್ಟ ಪ್ರೋಗ್ರಾಮು. ಮಶಿನು ಹಾಕಿದ ಕೂಡಲೇ ಡಿಸ್ಕಿನಿಂದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸಿ ತರುವುದು ಅದರ ಕೆಲಸ. ಒಂದೊಂದು ಹೆಜ್ಜೆ ಮುಗಿದಾಗಲೂ ತನ್ನ ಹೆಸರಿನ ಒಂದು ಅಕ್ಷರ ಬರೆಯುತ್ತಿತ್ತು. ಎಲ್ಲಿ ಎಡವಿತೋ ಅಲ್ಲಿಗೆ ಹೆಸರು ನಿಂತಿತು. ಬರೀ ಎಲ್ ಬಂದು ಅದರ ಪಕ್ಕ ಅಂಕಿ ಸುರಿಯುತ್ತಿದ್ದರೆ ಡಿಸ್ಕನ್ನು ಓದಲಾಗುತ್ತಿಲ್ಲ ಎಂದು. ಎಲ್‌ಐ ಎಂದರೆ ಎರಡನೆಯ ಭಾಗವನ್ನು ತಂದೆ, ಆದರೆ ಅದು ಓಡಲಿಲ್ಲ ಎಂದು. ಎಲ್‌ಐಎಲ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬಂದರೆ ಒಂದರ್ಥ, ಅಡ್ಡಗೆರೆ ಬಂದರೆ ಇನ್ನೊಂದು. ಇದೇನು ಒಗಟು ಎಂದು ನನಗೂ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಲೆಕ್ಕ ತಿಳಿಯಿತು. ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ ಇರುವುದು 512 ಬೈಟು. ಡಿಸ್ಕನ್ನು ಯಾರ್ಯಾರಿಗೆ ಎಷ್ಟೆಷ್ಟು ಪಾಲು ಮಾಡಿದೆ ಎಂಬ ಪಟ್ಟಿಗೆ 64 ಹೋಯಿತು, ಕೊನೆಯ ಮುದ್ರೆಗೆ 2. ಉಳಿದ 446 ಬೈಟಿನಲ್ಲಿ ಪ್ರೋಗ್ರಾಮಿನ ತಲೆಭಾಗ ಪೂರಾ ಹಿಡಿಯಬೇಕು. ಪದ ಎಣಿಸಿ ತಂತಿ ಕೊಡುತ್ತಿದ್ದ ಕಾಲದಲ್ಲಿ "ಅಜ್ಜ ಸೀರಿಯಸ್ ಹೊರಡು" ಎಂದಷ್ಟೇ ಬರೆಯುತ್ತಿದ್ದರಲ್ಲ, ಹಾಗೆ. ಅಜ್ಜನಿಗೆ ಏನಾಯಿತು ಎಂದು ಹೇಳಲು ಅಲ್ಲಿ ಜಾಗವಿಲ್ಲ.

ಆ ದಿನದ ಆರು ಮಶಿನುಗಳಿಗೆ ಏನಾಗಿತ್ತು? ಮಶಿನು ಹಾಕಿದಾಗ ಎಲ್ಲಕ್ಕೂ ಮೊದಲು ಏಳುವ ಪ್ರೋಗ್ರಾಮು ಬಯೋಸ್; ಒಂದರದ್ದನ್ನು ತೆರೆದು ನೋಡಿದೆ. ತಾರೀಖು 1980ರ ಜನವರಿ 1. ಎರಡನೆಯದೂ ಅದೇ, ಮೂರನೆಯದೂ ಅದೇ. ಪಿಸಿಗಳಿಗೆ ನೆನಪು ಹೋದಾಗ ಅವು ವಾಪಸು ಹೋಗಿ ಕೂರುವುದು ಆ ದಿನದಲ್ಲಿ. ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ ಮಾತ್ರ ಇನ್ನೂ ಹಿಂದಕ್ಕೆ, 1970ರ ಜನವರಿ 1ಕ್ಕೆ ಹೋಗುತ್ತದೆ. ಮದರ್‌ಬೋರ್ಡಿನ ಮೇಲೆ ಎಂಟಾಣೆ ಬಿಲ್ಲೆಯಂಥ ಒಂದು ಬ್ಯಾಟರಿ ಇರುತ್ತದೆ. ರಜೆಯಲ್ಲಿ ಲ್ಯಾಬಿಗೆ ಬೀಗ, ಮೇನ್ ಸ್ವಿಚ್ಚು ಕೆಳಗೆ, ಬ್ಯಾಟರಿ ಒಂದೇ ಅಷ್ಟೂ ದಿನ ದುಡಿದು ಸತ್ತಿದೆ. ಅದರ ಜೊತೆಗೆ ಡಿಸ್ಕನ್ನು ಹೇಗೆ ಅಳೆಯಬೇಕೆಂಬ ನೆನಪೂ ಹೋಗಿದೆ.

ಈ ಅಳತೆಯ ಕಥೆ ಐಬಿಎಂ ತನ್ನ ಮೊದಲ ಪಿಸಿಗಳನ್ನು ಮಾಡಿದ ಎಂಬತ್ತರ ದಶಕದ ಆರಂಭಕ್ಕೆ ಹೋಗುತ್ತದೆ. ಆಗಿನ ಬಯೋಸ್ ಡಿಸ್ಕಿನ ಸಿಲಿಂಡರಿನ ಸಂಖ್ಯೆಗೆಂದು ಹತ್ತು ಬಿಟ್ ತೆಗೆದಿಟ್ಟಿತು. ಹತ್ತು ಬಿಟ್ಟಿಗೆ 1024ರ ಮೇಲೆ ಎಣಿಸಲು ಬರುವುದಿಲ್ಲ. 1024 ಸಿಲಿಂಡರು, 16 ಹೆಡ್ಡು, 63 ಸೆಕ್ಟರು, ಒಂದೊಂದಕ್ಕೆ 512 ಬೈಟು ಎಂದು ಗುಣಿಸಿದರೆ 504 ಮೆಗಾಬೈಟು, ಅಲ್ಲಿಗೆ ಬೇಲಿ. ಡಿಸ್ಕುಗಳು ದೊಡ್ಡದಾದಾಗ ಬೇಲಿ ಹಾರಲು ಒಂದು ಉಪಾಯ ಮಾಡಿದರು. ಡಿಸ್ಕಿಗೆ 16 ಅಲ್ಲ, 255 ಹೆಡ್ಡುಗಳಿವೆ ಎಂದು ಬಯೋಸು ಸುಳ್ಳು ಹೇಳುವುದು. ಜಮೀನು ಅದೇ, ಸರ್ವೆ ನಂಬರು ಮಾತ್ರ ಬೇರೆ. ಈ ಸುಳ್ಳು ಸುಮಾರು 8 ಗಿಗಾಬೈಟಿನ ತನಕ ನಡೆಯಿತು. ಲಿಲೋಗೋ ಫೈಲಿನ ಹೆಸರು ಗೊತ್ತಿಲ್ಲ. ಇಂತಿಷ್ಟನೇ ಸಿಲಿಂಡರು, ಇಂತಿಷ್ಟನೇ ಸೆಕ್ಟರು ಎಂದು ಹಿಂದೆಂದೋ ಬರೆದಿಟ್ಟುಕೊಂಡ ಸರ್ವೆ ನಂಬರೇ ಅದಕ್ಕೆ ಗತಿ. ಬಯೋಸು ನೆನಪು ಕಳೆದುಕೊಂಡು ಹಳೆಯ ಅಳತೆಗೆ ಮರಳಿದ್ದರಿಂದ ಲಿಲೋ ಬೇರೆ ಯಾರದೋ ಹೊಲಕ್ಕೆ ನುಗ್ಗಿ, ಅಲ್ಲಿ ಸಿಕ್ಕಿದ್ದನ್ನು ಓಡಿಸಲು ಹೋಗಿ ಬಿದ್ದಿತ್ತು.

ಗಾಂಧಿ ಬಜಾರಿನ ಗಡಿಯಾರದಂಗಡಿಯಿಂದ ಆರು ಬ್ಯಾಟರಿ ತರಿಸಿ, ಅಳತೆಯನ್ನು ಮೊದಲಿನಂತೆ ಮಾಡಿದೆವು. ಲಿನಕ್ಸಿನ ಒಂದು ಫೈಲನ್ನೂ ಮುಟ್ಟಲಿಲ್ಲ.

ಲಿನಕ್ಸ್ ನಮ್ಮ ಊರಿಗೆ ಬಂದದ್ದು ಪತ್ರಿಕೆಯ ಒಳಗೆ ಕೂತು ಎಂದರೆ ಈಗಿನ ಹುಡುಗರು ನಗುತ್ತಾರೆ. ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯಿಂದ ಸುದ್ದಿ ಕೊಟ್ಟದ್ದು, 1994ರ ಮಾರ್ಚಿನಲ್ಲಿ 1.0 ಬಂದದ್ದು ಎಲ್ಲ ನಮಗೆ ಆಮೇಲೆ ಓದಿ ತಿಳಿದ ವಿಷಯ. ಟೆಲಿಫೋನ್ ತಂತಿಯ ಮೋಡೆಮಿನಲ್ಲಿ ಒಂದು ಸಿಡಿಯಷ್ಟು ಇಳಿಸಿಕೊಳ್ಳುವುದು ಊಹೆಗೂ ಮೀರಿದ್ದು. ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಗಳನ್ನು ಹಂಚಿತು. ಅದರ ಹಿಂದೆ ನಿಂತವರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಒಬ್ಬರು. ಮುಂದೆ ಬೆಂಗಳೂರಿನಲ್ಲಿ ವರ್ಷವರ್ಷ ನಡೆದ ಲಿನಕ್ಸ್ ಸಮ್ಮೇಳನಗಳಿಗೂ ಅವರೇ ಮುಂದಾಳು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯವನಿಗೆ ಹೇಳಿ ಸಿಡಿ ಇರುವ ಸಂಚಿಕೆಯನ್ನು ತೆಗೆದಿಡಿಸುತ್ತಿದ್ದೆ. ಸಿಡಿ ಕಿತ್ತುಕೊಂಡ ಸಂಚಿಕೆಯನ್ನು ಮಾರುವವರೂ ಇದ್ದರು, ಆ ಮಾತು ಬಿಡಿ.

ಬ್ಯಾಟರಿಯ ಸಂಕಟ ವರ್ಷಕ್ಕೊಮ್ಮೆ. ಕರೆಂಟಿನ ಸಂಕಟ ದಿನವೂ. ಲ್ಯಾಬಿನ ಯುಪಿಎಸ್ ಹತ್ತು ನಿಮಿಷಕ್ಕೆ ಕೂಗಿ ಸುಮ್ಮನಾಗುತ್ತಿತ್ತು. ಫೈಲು ಬರೆಯುವ ನಡುವೆಯೇ ಮಶಿನು ಹೋದರೆ, ಮರಳಿ ಬಂದಾಗ ಡಿಸ್ಕಿನ ಲೆಕ್ಕ ಕೂಡುತ್ತಿರಲಿಲ್ಲ. ರೆಮಿ ಕಾರ್ಡ್ ಮೊದಲಾದವರು 1993ರಲ್ಲಿ ಕಟ್ಟಿದ ಎಕ್ಸ್‌ಟಿ2 ಎಂಬ ಫೈಲ್ ವ್ಯವಸ್ಥೆ ಚುರುಕಿನದು, ಆದರೆ ಕರೆಂಟನ್ನು ನಂಬಿದ್ದು. ಲೆಕ್ಕ ಸರಿಮಾಡಲು ಎಫ್‌ಎಸ್‌ಸಿಕೆ ಓಡಬೇಕು. ನಾವು ಅದನ್ನು ಎಫ್‌ಎಸ್ ಚೆಕ್ ಎಂದೇ ಕರೆಯುತ್ತಿದ್ದೆವು. ಬೆಲ್ ಲ್ಯಾಬ್ಸಿನಲ್ಲಿ ಎಪ್ಪತ್ತರ ದಶಕದಲ್ಲಿ ಅದನ್ನು ಬರೆದದ್ದು ಟೆಡ್ ಕೊವಾಲ್ಸ್ಕಿ. ಆ ಹೆಸರಿನ ಎರಡನೆಯ ಅಕ್ಷರ ಮೊದಲು ಬೇರೆಯಿತ್ತೆಂದು ಯುನಿಕ್ಸಿನ ಜನಕರಲ್ಲೊಬ್ಬರಾದ ಡೆನ್ನಿಸ್ ರಿಚಿಯೇ ಹೇಳಿದ್ದಾರೆ. ಯಾವುದೆಂದು ನಾನು ಬರೆಯುವುದಿಲ್ಲ, ಕರೆಂಟು ಹೋದಾಗ ಹುಡುಗರ ಬಾಯಲ್ಲಿ ಬರುತ್ತಿದ್ದ ಪದದಲ್ಲಿ ಅದಿರುತ್ತಿತ್ತು. ಅದಕ್ಕೂ ಮೊದಲು ಐಚೆಕ್, ಡಿಚೆಕ್ ಎಂಬ ಎರಡು ಬೇರೆಬೇರೆ ಪ್ರೋಗ್ರಾಮು ಓಡಿಸಿ, ಬಂದ ಅಂಕಿಗಳನ್ನು ತಾಳೆ ನೋಡಿ, ಕೆಟ್ಟ ನಮೂದನ್ನು ಕೈಯಿಂದಲೇ ಅಳಿಸಬೇಕಿತ್ತು. ಆ ಕಾಲದವರಿಗೆ ಹೋಲಿಸಿದರೆ ನಮ್ಮದು ಸುಖದ ಬಾಳು.

ಎಫ್‌ಎಸ್ ಚೆಕ್ ಏನು ಮಾಡುತ್ತದೆಂದು ಹುಡುಗರಿಗೆ ಹೇಳುವಾಗ ನಾನು ತಾಲ್ಲೂಕು ಕಚೇರಿಯನ್ನು ತರುತ್ತಿದ್ದೆ. ಐನೋಡ್ ಎಂದರೆ ಪಹಣಿ: ಜಮೀನು ಎಲ್ಲೆಲ್ಲಿದೆ, ಎಷ್ಟಿದೆ, ಯಾರದು ಎಂಬುದೆಲ್ಲ ಅದರಲ್ಲಿ. ಡೈರೆಕ್ಟರಿ ಎಂದರೆ ಊರಿನವರ ಹೆಸರಿನ ಪಟ್ಟಿ. ಪಹಣಿಯಿದೆ, ಪಟ್ಟಿಯಲ್ಲಿ ಹೆಸರಿಲ್ಲ. ಒಂದೇ ಗದ್ದೆಗೆ ಇಬ್ಬರ ಪಹಣಿ. ಖಾಲಿ ಎಂದು ನಕ್ಷೆಯಲ್ಲಿರುವ ಜಾಗದಲ್ಲಿ ಯಾರೋ ಅಡಿಕೆ ಸಸಿ ನೆಟ್ಟಿದ್ದಾರೆ. ಇಂಥ ತಕರಾರುಗಳನ್ನು ಎಫ್‌ಎಸ್ ಚೆಕ್ ಐದು ಸುತ್ತಿನಲ್ಲಿ ಒಂದೊಂದಾಗಿ ಹಿಡಿಯುತ್ತಿತ್ತು. ಹೆಸರು ಕಳೆದುಕೊಂಡ ಫೈಲುಗಳನ್ನು ಲಾಸ್ಟ್ ಪ್ಲಸ್ ಫೌಂಡ್ ಎಂಬ ಡೈರೆಕ್ಟರಿಗೆ ತಂದು, ಬರೀ ನಂಬರು ಹಚ್ಚಿ ಕೂರಿಸುತ್ತಿತ್ತು. ಒಮ್ಮೆ ಇಡೀ ತರಗತಿಯ ಪ್ರಾಜೆಕ್ಟು ಅಲ್ಲಿ ಸಿಕ್ಕಿತು. ಒಂದೊಂದನ್ನೇ ತೆರೆದು, ಮೇಲಿನ ಕಾಮೆಂಟು ಓದಿ, ಇದು ಯಾರ ಕೂಸು ಎಂದು ಪತ್ತೆ ಹಚ್ಚಲು ಎರಡು ಸಂಜೆ ಹಿಡಿಯಿತು. ಕಾಮೆಂಟು ಬರೆಯದವರ ಕೂಸುಗಳು ಅನಾಥವಾಗಿಯೇ ಉಳಿದವು.

ಇದಕ್ಕಿಂತ ಭಯದ್ದು ಇಡೀ ಫೈಲ್ ವ್ಯವಸ್ಥೆಯ ಮೂಲ ಲೆಕ್ಕವಿರುವ ಸೂಪರ್‌ಬ್ಲಾಕ್ ಹೋಗುವುದು. ಅದು ಹೋದರೆ ತಾಲ್ಲೂಕು ಕಚೇರಿಯೇ ಇಲ್ಲ. ಬೆಲ್ ಲ್ಯಾಬ್ಸಿನ ಹಳೆಯ ವ್ಯವಸ್ಥೆಯಲ್ಲಿ ಅದು ಒಂದೇ ಇತ್ತು. ಬರ್ಕ್‌ಲಿಯಲ್ಲಿ ಕರ್ಕ್ ಮೆಕ್ಯೂಸಿಕ್ 1983ರ 4.2 ಬಿಎಸ್‌ಡಿಗಾಗಿ ಹೊಸದು ಕಟ್ಟಿದಾಗ ಅದರ ಪ್ರತಿಗಳನ್ನು ಡಿಸ್ಕಿನ ಉದ್ದಕ್ಕೂ ಹಂಚಿಟ್ಟರು. ಎಕ್ಸ್‌ಟಿ2 ಆ ಬುದ್ಧಿಯನ್ನು ಅಲ್ಲಿಂದಲೇ ಕಲಿತದ್ದು. ನಮ್ಮ ಲ್ಯಾಬಿನ ಹಲಗೆಯ ಬಲಮೂಲೆಯಲ್ಲಿ ಸುತ್ತ ಗೆರೆ ಹಾಕಿ, "ಅಳಿಸಬೇಡಿ" ಎಂದು ಬರೆದ ಎರಡು ಸಂಖ್ಯೆಗಳಿದ್ದವು: 8193, ಆಗದಿದ್ದರೆ 32768. ಪ್ರತಿ ಇರುವ ಬ್ಲಾಕಿನ ನಂಬರುಗಳು ಅವು. ಗಣಿತದ ಮೇಷ್ಟ್ರೊಬ್ಬರು ಲಾಟರಿ ನಂಬರೇ ಎಂದು ಕೇಳಿದ್ದರು.

ಅಪ್ಪಯ್ಯ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಮಂಡಿಯಲ್ಲಿ ಏನು ನಡೆದರೂ ಮೊದಲು ಕಿರ್ದಿಯಲ್ಲಿ, ನಡೆದ ಕ್ರಮದಲ್ಲೇ, ಒಂದರ ಕೆಳಗೊಂದು. ಸಂಜೆ ಕೂತು ಅದನ್ನು ಅವರವರ ಖಾತೆಗೆ ಎತ್ತುವುದು ಖತಾವಣಿ. 2001ರ ಕೊನೆಗೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನ 2.4.15ನೇ ಆವೃತ್ತಿಯೊಳಗೆ, ಎಕ್ಸ್‌ಟಿ2ರ ಮುಂದಿನ ರೂಪ ಎಕ್ಸ್‌ಟಿ3 ಬಂತು. ಸ್ಟೀಫನ್ ಟ್ವೀಡಿ ವರ್ಷಗಟ್ಟಲೆ ಅದರ ಮೇಲೆ ದುಡಿದಿದ್ದರು. ಅದು ಮಾಡುವುದು ಇದನ್ನೇ: ಡಿಸ್ಕಿನ ಲೆಕ್ಕ ತಿದ್ದುವ ಮೊದಲು ಏನು ತಿದ್ದುತ್ತೇನೆಂದು ಜರ್ನಲ್ಲಿನಲ್ಲಿ ಬರೆದುಕೊಳ್ಳುವುದು. ಹೊಸ ವಿದ್ಯೆ ಎಂಬಂತೆ ಮನೆಯಲ್ಲಿ ಹೇಳಿದೆ. ಅವರು ಕವಳದ ತಟ್ಟೆಯಿಂದ ಕತ್ತೆತ್ತಿ, "ಕಿರ್ದಿ ಬರೀತಾ ಇರೋವಾಗಲೇ ದೀಪ ಹೋದ್ರೆ?" ಎಂದರು.

"ಕೊನೇಲಿ ಗೆರೆ ಎಳೆದಿಲ್ಲ ಅಂದ್ರೆ ಆ ವ್ಯವಹಾರ ಆಗೇ ಇಲ್ಲ ಅಂತ ಅಪ್ಪಯ್ಯ. ಬಿಟ್ಟುಬಿಡೋದು."

"ಹಂಗಿದ್ರೆ ಸರಿ. ಇಷ್ಟು ದಿನ ಕಿರ್ದಿ ಇಲ್ಲದೇ ಅಂಗಡಿ ನಡೆಸ್ತಿದ್ರಾ?"

ಐಬಿಎಂನ ಎಐಎಕ್ಸ್ 1990ರಲ್ಲೇ ಕಿರ್ದಿ ಇಟ್ಟಿತ್ತು. ದುಡ್ಡು ಕೊಟ್ಟವರ ಅಂಗಡಿ ಅದು. ನಾವು ಒಂದು ಆಜ್ಞೆ ಕೊಟ್ಟು ಎಕ್ಸ್‌ಟಿ2ಕ್ಕೆ ಕಿರ್ದಿ ಸೇರಿಸಿದೆವು, ಡಿಸ್ಕ್ ಅಳಿಸುವ ಕಷ್ಟವೂ ಬೀಳಲಿಲ್ಲ. ಆಮೇಲೆ ಕರೆಂಟು ಹೋಗಿ ಬಂದರೆ ಕ್ಷಣದಲ್ಲಿ ಲಾಗಿನ್ ಕೇಳುತ್ತಿತ್ತು. ಎಫ್‌ಎಸ್ ಚೆಕ್ ಓಡುವಾಗ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬರುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ.

ಈ ಕಸುಬಿನಲ್ಲಿ ಸತ್ತ ಮಶಿನುಗಳು ಮಾತಾಡುತ್ತಲೇ ಇರುತ್ತವೆ. ಹಳೆಯ ಯುನಿಕ್ಸಿನಿಂದ ಕಳಿಸಿದ ಒಂದು ಮೇಲ್ "ಇದು ಟೈಪ್‌ರೈಟರ್ ಅಲ್ಲ" ಎಂಬ ದೂರು ಹೊತ್ತು ವಾಪಸು ಬಂದಿತ್ತು. ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಿಚಿ ಯುನಿಕ್ಸ್ ಕಟ್ಟಿದಾಗ ಎದುರಿಗಿದ್ದದ್ದು ಪರದೆಯಲ್ಲ, ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುವ ಟೆಲಿಟೈಪ್. ಎರಡೇ ಅಕ್ಷರದ ಆಜ್ಞೆಗಳೂ ಆ ಬೆರಳುನೋವಿನವೇ. ಎದುರಿಗಿರುವುದು ಟೆಲಿಟೈಪೋ ಅಲ್ಲವೋ ಎಂದು ಪ್ರೋಗ್ರಾಮುಗಳು ಕೇಳಿ ನೋಡುತ್ತವೆ. ಅಲ್ಲವೆಂದಾದರೆ 25ನೆಯ ನಂಬರಿನ ದೋಷ ಅಲ್ಲೇ ಬಿದ್ದಿರುತ್ತದೆ. ಆಮೇಲೆ ಬೇರೇನೋ ಕೆಟ್ಟಾಗ ಯಾರೋ ಬಗ್ಗಿ ಅದನ್ನೇ ಎತ್ತಿ ಓದಿ ಹೇಳುತ್ತಾರೆ.

ಇನ್ನೊಂದು ದಿನ ಕನ್ಸೋಲಿನಲ್ಲಿ "ಎಲ್‌ಪಿ0 ಆನ್ ಫೈರ್" ಎಂದು ಬಂತು. ಅಟೆಂಡರು ಅಕ್ಷರ ಕೂಡಿಸಿ ಓದಿದರು, ಬಾಗಿಲ ಬಳಿಯ ಮರಳಿನ ಕೆಂಪು ಬಕೆಟ್ ಎತ್ತಿಕೊಂಡು ಪ್ರಿಂಟರಿನ ಮುಂದೆ ನಿಂತರು. ಪ್ರಿಂಟರು ದೋಷವಿದೆ ಎನ್ನುತ್ತಿದೆ, ಕಾಗದ ಮುಗಿದಿಲ್ಲ, ಆಫ್‌ಲೈನೂ ಅಲ್ಲ, ಹಾಗಾದರೆ ಬೆಂಕಿಯೇ ಬಿದ್ದಿರಬೇಕು ಎಂಬುದು ಕರ್ನೆಲ್ ಬರೆದವರ ತರ್ಕ. ಗುಡುಗುಡು ಓಡುವ ಲೈನ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡು ಬಿಸಿಯೇರುವ ಭಯವಿದ್ದ ಕಾಲದ ತಮಾಷೆ. ನಮ್ಮ ಡಾಟ್ ಮ್ಯಾಟ್ರಿಕ್ಸಿಗೆ ಕೇಬಲ್ ಸಡಿಲವಾಗಿತ್ತು. ಅವರು ಮರಳು ಸುರಿಯಲಿಲ್ಲವೆಂಬುದು ನನ್ನ ಪುಣ್ಯ.

ನಾನು ಬೆಂಗಳೂರಿಗೆ ಬಂದು ಒಂದು ಕಂಪನಿಯ ಸರ್ವರುಗಳನ್ನು ನೋಡಿಕೊಳ್ಳತೊಡಗಿದ ಮೇಲೆ ಲಿಲೋ ಕಾಣಲಿಲ್ಲ. ಅದರ ಜಾಗಕ್ಕೆ ಫೈಲಿನ ಹೆಸರು ಗೊತ್ತಿರುವ ಗ್ರಬ್ ಬಂದಿತ್ತು. ಮೊದಲ ಕೆಲಸವಾಗಿ ಮಶಿನುಗಳಿಗೆ ತುಂಗಾ, ಭದ್ರಾ, ಶರಾವತಿ, ವರದಾ ಎಂದು ಹೆಸರಿಟ್ಟೆ. 2012ರ ಜುಲೈ 1, ಭಾನುವಾರ. ಬೆಳಿಗ್ಗೆ ಐದೂವರೆಗೆ ಫೋನು. ಶರಾವತಿ ಮತ್ತು ವರದಾ ಎರಡರ ಸಿಪಿಯುವೂ ನೂರಕ್ಕೆ ನೂರು. ಲಾಗಿನಲ್ಲಿ ದೋಷವಿಲ್ಲ, ಡಿಸ್ಕ್ ತಣ್ಣಗಿದೆ. ಭೂಮಿ ತಿರುಗುವುದು ಸಮವಲ್ಲವೆಂದು ಆ ಹೊತ್ತಿಗೆ ಜಗತ್ತಿನ ಗಡಿಯಾರಕ್ಕೆ ಒಂದು ಸೆಕೆಂಡು ಸೇರಿಸಿದ್ದರು. ಆ ಒಂದು ಸೆಕೆಂಡು ಕರ್ನೆಲ್ಲಿನ ಒಂದು ಗಡಿಯಾರಕ್ಕೆ ತಿಳಿಯಿತು, ಒಳಗಿನ ಇನ್ನೊಂದಕ್ಕೆ ತಿಳಿಯಲಿಲ್ಲ. ಕಾಯುತ್ತಾ ಮಲಗಬೇಕಿದ್ದ ಪ್ರೋಗ್ರಾಮುಗಳು ಹೊತ್ತಾಯಿತೆಂದು ಏಳುವುದು, ಆಗಿಲ್ಲವೆಂದು ಮಲಗುವುದು, ಮತ್ತೆ ಏಳುವುದು. ಪರಿಹಾರ ಕೇಳಿದರೆ ನಗು ಬರುತ್ತದೆ: ಈಗಿನ ಸಮಯವನ್ನೇ ಮಶಿನಿಗೆ ಇನ್ನೊಮ್ಮೆ ಹೇಳುವುದು. ಹೇಳಿದೆ. ಸುಮ್ಮನಾದವು. ಆ ದಿನ ಆಸ್ಟ್ರೇಲಿಯಾದಲ್ಲಿ ವಿಮಾನಗಳೇ ತಡವಾಗಿದ್ದವೆಂದು ಆಮೇಲೆ ಓದಿದೆ.

ಅದೇ ಸುಮಾರಿಗೆ ಒಂದು ಹೊಸ ಮಾತು ಹುಟ್ಟಿತು. ಸರ್ವರುಗಳನ್ನು ಸಾಕಿದ ನಾಯಿಯಂತೆ ಮುದ್ದು ಮಾಡಬೇಡಿ, ದನದಂತೆ ನೋಡಿ. ಹೆಸರು ಬೇಡ, ನಂಬರು ಕೊಡಿ, ಕಾಯಿಲೆ ಬಿದ್ದರೆ ಮದ್ದು ಮಾಡಬೇಡಿ, ಕೊಂದು ಇನ್ನೊಂದು ತನ್ನಿ. ಮೀಟಿಂಗಿನಲ್ಲಿ ಇದನ್ನು ವಿವರಿಸಿದ ಹುಡುಗನಿಗೆ ನಮ್ಮ ಕಡೆಯ ಕೊಟ್ಟಿಗೆ ಗೊತ್ತಿಲ್ಲ. ಹೆಸರಿಲ್ಲದ ದನವನ್ನು ನಾನು ಕಂಡವಳಲ್ಲ. ಅಜ್ಜಿ ಕೆಂಪಿ, ಗೌರಿ ಎಂದು ಕರೆದರೆ ಬ್ಯಾಣದ ಆಚೆಯಿಂದ ಕತ್ತೆತ್ತಿ ನೋಡುತ್ತಿದ್ದವು. ಆದರೆ ಅವನ ಲೆಕ್ಕವೂ ತಪ್ಪಲ್ಲ. ನಾನೂರು ಮಶಿನಿಗೆ ನದಿಗಳು ಸಾಲವು. ಈಗ ಕೆಟ್ಟದ್ದು ಯಾಕೆ ಕೆಟ್ಟಿತೆಂದು ನೋಡುವ ಮೊದಲೇ ಅದು ಇರುವುದಿಲ್ಲ, ಅದರ ಲಾಗು ಮಾತ್ರ ಬೇರೆಲ್ಲೋ ಇರುತ್ತದೆ. ನನಗೆ ಅದರಲ್ಲಿ ರುಚಿಯಿಲ್ಲ, ಆದರೂ ಭಾನುವಾರ ಬೆಳಿಗ್ಗೆ ಫೋನು ಬರುವುದು ಕಡಿಮೆಯಾಗಿದೆ.

ಹೋದ ವರ್ಷ ಬಂದ ಒಂದು ಫೋನು ಮಾತ್ರ ಶಿವಮೊಗ್ಗದ್ದು. ಅಟೆಂಡರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ದನಿ ಮೊದಲಿನಂತೆಯೇ ಇತ್ತು. ಪಾಲಿಸಿ ಮೆಚ್ಯೂರ್ ಆಗಿ ಬ್ಯಾಂಕಿಗೆ ದುಡ್ಡು ಬಿದ್ದಿದೆ, ಮಗಳ ಮನೆಗೆ ಹಂಚು ಬದಲಾಯಿಸಲು ಸಾಕಾಗುತ್ತದೆ ಎಂದರು. ಆಮೇಲೆ ಸ್ವಲ್ಪ ತಡೆದು, ನಗು ತಡೆಯಲಾಗದೆ, "ಮೇಡಂ, ಸಿ ಬಂತು" ಎಂದರು.