ಆದಿಲಶಾಹಿ ಕಾಲದ ಭಾವಚಿತ್ರಗಳು

ಬಸವನ ಬಾಗೇವಾಡಿಯ ಹೆಸರನ್ನು ಕೇಳಿದ ಕೂಡಲೆ ನಮ್ಮ ಕಣ್ಣೆದುರಿಗೆ ಒಂದು ಮುಖವು ಬಂದು ನಿಲ್ಲುವುದು. ಗೋಡೆಯ ಪಟದಲ್ಲಿಯೂ ಪಾಠಪುಸ್ತಕದಲ್ಲಿಯೂ ನಾವು ಬಾಲ್ಯದಿಂದ ನೋಡಿದ ಮುಖವದು. ಆದರೆ 12ನೆಯ ಶತಮಾನದ ಬಸವಣ್ಣನವರನ್ನು ಕಣ್ಣಾರೆ ಕಂಡು ಬರೆದ ಚಿತ್ರವೊಂದೂ ನಮಗೆ ದೊರೆತಿಲ್ಲ. ನಾವು ಕಾಣುವುದು ಅನಂತರದವರ ಭಕ್ತಿಯೂ ಕಲ್ಪನೆಯೂ ಕೂಡಿ ರೂಪಿಸಿದ ಮುಖ. ಮೊದಲು ಉಳಿದುದು ಮಾತು. ಆ ಮಾತಿನಿಂದ ಮುಖವು ಹುಟ್ಟಿತು.

ಇಂಡಿಯ ಕಡೆಗೆ ಹೋದರೂ ಇಂಥದೇ ಸಂಗತಿ. ಅಲ್ಲಿಗೆ ಸಮೀಪವಾದ ಸಾಲೋಟಗಿಯ ಕಂಬದ ಶಾಸನವು ಕ್ರಿ. ಶ. 945ರದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ನೆಲೆಸಿದ್ದರೆಂದೂ ಅದರಿಂದ ತಿಳಿಯುತ್ತದೆ. ದೀಪಕ್ಕೆಂದು ಬಿಟ್ಟ ಹೊಲದ ಲೆಕ್ಕವು ಕೂಡ ಉಳಿದಿದೆ. ನಾರಾಯಣನ ಮುಖವು ಉಳಿದಿಲ್ಲ. ಮನುಷ್ಯನನ್ನು ಹೆಸರಿನಿಂದಲೂ ದಾನದಿಂದಲೂ ನೆನೆಯುತ್ತಿದ್ದ ಈ ನಾಡಿನಲ್ಲಿ, ಅವನ ಕಣ್ಣು ಮೂಗುಗಳನ್ನು ಕಾಗದದ ಮೇಲೆ ಹಿಡಿದಿಡಬೇಕೆಂಬ ಬಯಕೆಯು ಬಲವಾದುದು ಆದಿಲಶಾಹಿಗಳ ಕಾಲದಲ್ಲಿ.

1565ರ ಮಹಾಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆಯು ಬಹುಕಾಲ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿದ್ದ ಊರು. ಆ ಯುದ್ಧದಲ್ಲಿ ವಿಜಯನಗರವು ಸೋತ ಮೇಲೆ ವಿಜಯಪುರದ ಐಶ್ವರ್ಯವು ಬೆಳೆಯಿತು. ಐಶ್ವರ್ಯದೊಡನೆ ಚಿತ್ರಕಲೆಯೂ ಬೆಳೆಯಿತು. ಎರಡನೆಯ ಇಬ್ರಾಹೀಮನು ಆಳಿದ 1580ರಿಂದ 1627ರವರೆಗಿನ ಕಾಲದಲ್ಲಿ ಅದು ಪರಿಪಾಕಕ್ಕೆ ಬಂದಿತು. ಇರಾನಿನ ಸಂಪ್ರದಾಯದಲ್ಲಿ ನುರಿತ ಫರೂಖ್ ಬೇಗನೂ ಹಾಲೆಂಡಿನ ಕಾರ್ನೆಲಿಸ್ ಹೇಡನೂ ಈ ಆಸ್ಥಾನಕ್ಕೆ ಬಂದಿದ್ದರು. ಕರತಾಳಗಳನ್ನು ಹಿಡಿದ ಇಬ್ರಾಹೀಮನ ಚಿತ್ರವೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಆತನು ‘ಕಿತಾಬ್-ಇ-ನವರಸ್’ ಎಂಬ ಗೀತಗ್ರಂಥವನ್ನು ರಚಿಸಿದ ಸಂಗೀತಪ್ರೇಮಿ. ಲೋಕವು ತನ್ನನ್ನು ಯಾರೆಂದು ನೆನೆಯಬೇಕೆಂದು ಆತನು ಬಯಸಿದನೋ ಅದು ಆ ತಾಳಗಳಲ್ಲಿಯೇ ವ್ಯಕ್ತವಾಗಿದೆ.

ಈ ಚಿತ್ರಗಳ ಸಾಮಗ್ರಿಯು ಬಹು ಸರಳವಾದುದು. ತಿಕ್ಕಿ ನುಣುಪು ಮಾಡಿದ ಕಾಗದ, ದೀಪದ ಕಾಡಿಗೆಯ ಮಸಿ, ನೀರು ಗೋಂದು ಬೆರೆಸಿ ಅರೆದ ಬಣ್ಣ, ಸಣ್ಣ ಕೂದಲಿನ ಕುಂಚ, ಇಷ್ಟೆ. ಮೊದಲು ತೆಳುಮಸಿಯ ಗೆರೆ, ಆ ಮೇಲೆ ಪದರಪದರವಾಗಿ ಬಣ್ಣ, ಕಡೆಗೆ ಮತ್ತೆ ಮಸಿ. ನೀರನ್ನೇ ಕುಂಚವಾಗಿ ಬಳಸುವ ಇನ್ನೊಂದು ವಿಧಾನವೂ ಉಂಟು. ಅದಕ್ಕೆ ‘ಅಬ್ರಿ’ ಎಂದು ಹೆಸರು. ಪಾರಸಿಯಲ್ಲಿ ಅಬ್ರ್ ಎಂದರೆ ಮೋಡ. ಲೋಳೆ ಬೆರೆಸಿ ಮಂದ ಮಾಡಿದ ನೀರಿನ ಮೇಲೆ ಬಣ್ಣದ ಹನಿಗಳನ್ನು ತೇಲಿಸಿ, ಕಡ್ಡಿಯಿಂದ ಕದಡಿ, ಕಾಗದವನ್ನು ಹಾಸಿ ಎತ್ತಿದರೆ ಆ ಕ್ಷಣದ ಅಲೆಗಳು ಕಾಗದಕ್ಕೆ ಇಳಿಯುತ್ತವೆ. ಬಣ್ಣ ಹತ್ತಬಾರದ ಭಾಗವನ್ನು ಮೊದಲೇ ಮರೆಮಾಡಿ, ಬೇಕಾದಲ್ಲಿ ಮಸಿಯ ಗೆರೆಯನ್ನು ಎಳೆದು, 17ನೆಯ ಶತಮಾನದ ದಖ್ಖಣದ ಚಿತ್ರಗಾರರು ಬಡಕಲು ಕುದುರೆಗಳನ್ನೂ ಅವನ್ನೇರಿದ ವಿರಕ್ತರನ್ನೂ ತೋರಿಸಿದರು. ಒಮ್ಮೆ ಮೂಡಿದ ಅಲೆಯು ಮತ್ತೊಮ್ಮೆ ಮೂಡದು. ದೇಹವು ನಿಲ್ಲುವುದಲ್ಲವೆಂದು ತಿಳಿದ ವಿರಕ್ತನಿಗೆ ಇದಕ್ಕಿಂತ ತಕ್ಕ ವಿಧಾನವಿದ್ದೀತೆ?

ಅರಸರಿಗೆ ಮಾತ್ರ ನಿಲ್ಲುವ ಹಂಬಲ. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್, ಚಾಂದ್ ಮುಹಮ್ಮದ್ ಎಂಬಿಬ್ಬರು ಬರೆದ ಚಿತ್ರವು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಒಂದೂವರೆ ಅಡಿಯ ಎತ್ತರವೂ ಇಲ್ಲದ ಆ ಕಾಗದದಲ್ಲಿ ವಂಶದ ಅರಸರು ಒಂದೇ ಸಭೆಯಾಗಿ ಸೇರಿದ್ದಾರೆ. ಮೂಲಪುರುಷನಾದ ಯೂಸುಫನು ಇರಾನಿನ ಷಾ ಇಸ್ಮಾಯಿಲನಿಂದ ಕೀಲಿಕೈಯನ್ನು ಸ್ವೀಕರಿಸುತ್ತಿದ್ದಾನೆ. ಒಂದು ಕೊನೆಯಲ್ಲಿ ಬಾಲಕನಾದ ಸಿಕಂದರನಿದ್ದಾನೆ. ಇವರಿಬ್ಬರ ನಡುವೆ ಒಂದೂವರೆ ಶತಮಾನಕ್ಕೂ ಹೆಚ್ಚಿನ ಅಂತರ. ಇಂತಹ ಸಭೆಯು ಎಂದೂ ನಡೆದುದಲ್ಲ. ಚಿತ್ರವು ಮಾತ್ರ ನಡೆಯಿತೆಂದು ಸಾಧಿಸುತ್ತದೆ. ರಾಜ್ಯವು ಕುಸಿಯುತ್ತಿದ್ದಾಗ, ಬಾಲಕನ ಬೆನ್ನಿಗೆ ಸತ್ತ ಹಿರಿಯರನ್ನೆಲ್ಲ ತಂದು ಕೂರಿಸಿದಂತಾಯಿತು. 1686ರಲ್ಲಿ ಔರಂಗಜೇಬನು ಕೋಟೆಯನ್ನು ಹಿಡಿದನು. ಸಿಕಂದರನು 1700ರಲ್ಲಿ ಸೆರೆಯಲ್ಲಿಯೇ ತೀರಿಕೊಂಡನು.

ಕಾಗದವು ಕಡಲನ್ನು ದಾಟಿ ಉಳಿಯಿತು. ಊರಿನಲ್ಲಿಯೇ ಉಳಿದ ಗೋಡೆಯ ಪಾಡು ಬೇರೆ. ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕುಮಟಗಿಯ ಜಲಮಂದಿರವಿದೆ. ಕೆರೆಯ ನೀರನ್ನು ಕೊಳವೆಗಳಲ್ಲಿ ತಂದು ಕಾರಂಜಿಯಾಗಿ ಚಿಮ್ಮಿಸುತ್ತಿದ್ದ ವಿಹಾರಸ್ಥಾನವದು. ಅದರ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ಕುಸ್ತಿಯಾಡುವವರು, ಪರದೇಶದಿಂದ ಬಂದವರು ಚಿತ್ರಿತರಾಗಿದ್ದಾರೆ. ಇವರಾರೂ ಸಿಂಹಾಸನದವರಲ್ಲ. ಬಣ್ಣವು ಬಹಳಮಟ್ಟಿಗೆ ಮಾಸಿಹೋಗಿದೆ.

ಸಾಲೋಟಗಿಯಲ್ಲಿ ಮುಖವಿಲ್ಲದ ಹೆಸರುಂಟು. ಕುಮಟಗಿಯಲ್ಲಿ ಹೆಸರಿಲ್ಲದ ಮುಖಗಳುಂಟು. ಹೆಸರನ್ನು ಕಲ್ಲು ಕಾಯಿತು, ಅರಸರ ಮುಖವನ್ನು ದೂರದೇಶದ ಮ್ಯೂಸಿಯಮ್ಮುಗಳು ಕಾಯುತ್ತಿವೆ. ಈ ಹೆಸರಿಲ್ಲದವರನ್ನು ಕಾಯುವವರು ಯಾರು? ಜೋಳವನ್ನು ಬೆಳೆದು, ತೆರಿಗೆಯನ್ನು ತೆತ್ತು, ಆಸ್ಥಾನದ ಬಣ್ಣಕ್ಕೂ ಬಂಗಾರಕ್ಕೂ ಹಣವನ್ನೊದಗಿಸಿದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ರೈತನು ಯಾವ ಚಿತ್ರದಲ್ಲಿಯೂ ಕುಳಿತವನಲ್ಲ. ಅವನಿಗೆ ಅತ್ಯಂತ ಸಮೀಪದವರೆಂದರೆ ಈ ಗೋಡೆಯ ಜಟ್ಟಿಗಳೇ. ಗೋಲ ಗುಮ್ಮಟವನ್ನು ನೋಡಲು ಹೋದವರು ಇನ್ನು ಕೆಲವು ಮೈಲಿ ಮುಂದಕ್ಕೆ ನಡೆದು ಅವರನ್ನೂ ನೋಡಿ ಬರಬೇಕೆಂದು ನಮ್ಮ ಕೋರಿಕೆ. ಹೆಸರು ತಿಳಿಯದಿದ್ದರೂ ಮುಖವನ್ನು ಕಂಡೆವೆಂಬ ನೆನಪಾದರೂ ನಮ್ಮಲ್ಲಿ ಉಳಿದೀತು.