ಸುಟ್ಟ ಪತ್ರಿಕೆಯ ಏಳು ಪ್ರತಿಗಳು

ನಮ್ಮ ಕಡೆಯ ಒಂದು ವಾಚನಾಲಯದಲ್ಲಿ ಹಳೇ ವಾರಪತ್ರಿಕೆಗಳ ಕಟ್ಟುಗಳನ್ನು ತೂಕಕ್ಕೆ ಹಾಕಿದ ದಿನ ನಾನು ಅಲ್ಲೇ ಇದ್ದೆ. 'ಜಾಗ ಇಲ್ಲ ಸಾರ್, ಗೆದ್ದಲು ಹಿಡ್ದೈತೆ, ಯಾರು ಓದ್ತಾರೆ ಇದನ್ನ' ಅಂದ ಅಲ್ಲಿದ್ದವನು. ರದ್ದಿಯವನು ತಕ್ಕಡಿ ಹಿಡಿದು ಹೊರಗೆ ನಿಂತಿದ್ದ. ಆ ಪತ್ರಿಕೆಗಳೇನು ನಮ್ಮವಲ್ಲ. ಊರ ದೊಡ್ಡವರು ತಮ್ಮ ಮದುವೆ, ಸನ್ಮಾನ, ಚುನಾವಣೆಗೆ ಅಂತ ನಡೆಸಿದ್ದವು. ನಮ್ಮ ಕೇರಿ ಅವುಗಳಲ್ಲಿ ಬಂದಿದ್ದರೆ 'ಆಕಸ್ಮಿಕ ಬೆಂಕಿ, ನಾಲ್ಕು ಗುಡಿಸಲು ಭಸ್ಮ' ಅಂತ ಕೊನೇ ಪುಟದ ಮೂಲೆಯಲ್ಲಿ ಎರಡು ಸಾಲು ಬಂದಿರುತ್ತೆ. ಹಾಗಿದ್ದೂ ನನ್ನ ಹೊಟ್ಟೆ ಉರಿಯಿತು. ಆ ಎರಡು ಸಾಲಿಗೂ ಕಡಲೆಕಾಯಿ ಕಟ್ಟುವ ಗತಿ ಬಂತಲ್ಲ ಅಂತ.

ಬೆಂಕಿ ಆಕಸ್ಮಿಕವೋ ಅಲ್ಲವೋ ಅನ್ನೋದನ್ನು ನಾಳೆ ಯಾರಾದರೂ ಕೇಳಿದರೆ ಯಾವ ಕಾಗದ ತೋರಿಸೋಣ?

ಈ ಪ್ರಶ್ನೆ ತಲೆಯಲ್ಲಿದ್ದಾಗಲೇ ಅಮೆರಿಕದ ವಿಲ್ಮಿಂಗ್ಟನ್ ಊರಿನ ಚರಿತ್ರೆ ಓದಿದೆ. ಉತ್ತರ ಕೆರೊಲಿನಾ ರಾಜ್ಯದ ಬಂದರು ಪಟ್ಟಣ ಅದು. 1898ರಲ್ಲಿ ಅಲ್ಲಿ ಕರಿಯರದೇ ಬಹುಸಂಖ್ಯೆ. ಗುಲಾಮಗಿರಿ ಹೋಗಿ ಮೂವತ್ತು ವರ್ಷ ದಾಟಿತ್ತು. ಕರಿಯರಲ್ಲಿ ಅಂಗಡಿ ಇಟ್ಟವರಿದ್ದರು, ನಗರಸಭೆಗೆ ಆರಿಸಿಬಂದವರಿದ್ದರು. ಬಡ ಬಿಳಿ ರೈತರ ಪಕ್ಷವೂ ಕರಿಯರು ಮತ ಹಾಕುತ್ತಿದ್ದ ಪಕ್ಷವೂ ಕೂಡಿ ಅಧಿಕಾರ ನಡೆಸಿದ್ದವು. ಭೂಮಾಲೀಕ ಬಿಳಿಯರಿಗೆ ಇದೇ ನುಂಗಲಾರದ ತುತ್ತು. ಬಡವರು ಬಣ್ಣ ಮರೆತು ಕೂಡಿದರೆ ತಮ್ಮ ಗತಿ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಲ್ಲಿ ಅಲೆಕ್ಸಾಂಡರ್ ಮ್ಯಾನ್ಲಿ ಎಂಬ ಕರಿಯ 'ಡೈಲಿ ರೆಕಾರ್ಡ್' ಅಂತ ಪತ್ರಿಕೆ ನಡೆಸುತ್ತಿದ್ದ. ಜಗತ್ತಿನಲ್ಲೇ ಕರಿಯರ ಏಕೈಕ ದಿನಪತ್ರಿಕೆ ಇದು ಎಂದು ಹೇಳಿಕೊಳ್ಳುತ್ತಿತ್ತು. ಅದರ ಮುದ್ರಣ ಯಂತ್ರ ಒಂದು ಬಿಳಿ ಪತ್ರಿಕೆಯ ಸಂಪಾದಕ ಮಾರಿದ ಹಳೇ ಯಂತ್ರ. ರಸ್ತೆ ಸರಿಮಾಡಿ, ಆಸ್ಪತ್ರೆಯಲ್ಲಿ ನಮ್ಮ ರೋಗಿಗಳನ್ನು ನೆಟ್ಟಗೆ ನೋಡಿ ಅಂತೆಲ್ಲ ಬರೆಯುತ್ತಿದ್ದ. ಬಿಳಿ ವ್ಯಾಪಾರಿಗಳೂ ಜಾಹೀರಾತು ಕೊಡುತ್ತಿದ್ದರು. ದುಡ್ಡಿಗೆ ಬಣ್ಣ ಇಲ್ಲ ನೋಡಿ.

ಜಾರ್ಜಿಯಾದ ರೆಬೆಕಾ ಫೆಲ್ಟನ್ ಎಂಬ ಬಿಳಿ ಹೆಂಗಸು, ನಮ್ಮ ಹೆಣ್ಣುಮಕ್ಕಳ ಮಾನ ಕಾಯಲು ಬೇಕಾದರೆ ವಾರಕ್ಕೆ ಸಾವಿರ ಕರಿಯರನ್ನು ಮರಕ್ಕೆ ನೇತುಹಾಕಿ ಎಂದು ಭಾಷಣ ಮಾಡಿದ್ದಳು. 1898ರ ಆಗಸ್ಟ್ 18ರಂದು ಮ್ಯಾನ್ಲಿಯ ಪತ್ರಿಕೆ ಸಂಪಾದಕೀಯದಲ್ಲಿ ಅದಕ್ಕೆ ಉತ್ತರ ಕೊಟ್ಟಿತು. ನೀವು ಅತ್ಯಾಚಾರ ಅಂತ ಕೂಗುವ ಎಷ್ಟೋ ಸಂಬಂಧಗಳು ಒಪ್ಪಿ ಆದವು. ಕರಿಯ ಹೆಂಗಸರ ಮೇಲೆ ಬಿಳಿ ಗಂಡಸರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದನ್ನು ಏನಂತೀರಿ ಅನ್ನುವುದು ಅದರ ಧಾಟಿ. ಇದು ನಮಗೆ ಗೊತ್ತಿಲ್ಲದ ಮಾತೆ? ನಮ್ಮೂರುಗಳಲ್ಲಿ ಯಾವ ಗೌಡನ ತೋಟದ ಮನೆಯಲ್ಲಿ ಏನಾಯ್ತು ಅನ್ನೋದು ಎಲ್ಲರಿಗೂ ಗೊತ್ತು. ಅಚ್ಚಿಗೆ ಹಾಕಿದವನು ಮಾತ್ರ ಉಳಿಯೋದಿಲ್ಲ.

ಬಿಳಿಯರ ಪತ್ರಿಕೆಗಳು ಆ ಸಂಪಾದಕೀಯವನ್ನು ಎತ್ತಿಕೊಂಡು ಚುನಾವಣೆ ಮುಗಿಯುವ ತನಕ ಮತ್ತೆ ಮತ್ತೆ ಅಚ್ಚುಹಾಕಿದವು. ರಾಜಧಾನಿ ರಾಲೀಯಿಂದ ಬರುತ್ತಿದ್ದ 'ನ್ಯೂಸ್ ಅಂಡ್ ಅಬ್ಸರ್ವರ್', ಅದರ ಸಂಪಾದಕ ಜೋಸೆಫಸ್ ಡೇನಿಯಲ್ಸ್, ಕರಿಯರನ್ನು ರಾಕ್ಷಸರನ್ನಾಗಿ ಬರೆಸಿದ ವ್ಯಂಗ್ಯಚಿತ್ರಗಳನ್ನು ಮುಖಪುಟಕ್ಕೆ ಹಾಕಿದ. ಜಾಹೀರಾತು ನಿಂತಿತು. ಕಟ್ಟಡದ ಮಾಲೀಕ ಜಾಗ ಖಾಲಿ ಮಾಡು ಅಂದ. ಪತ್ರಿಕೆ ಕರಿಯರ ಒಂದು ಸಂಘದ ಕಟ್ಟಡಕ್ಕೆ, ಲವ್ ಅಂಡ್ ಚಾರಿಟಿ ಹಾಲ್‌ಗೆ ಹೋಯಿತು. ನವೆಂಬರ್ 8ಕ್ಕೆ ಚುನಾವಣೆ. 10ರ ಬೆಳಿಗ್ಗೆ ವ್ಯಾಡೆಲ್ ಎಂಬುವನ ಹಿಂದೆ ಬಂದೂಕು ಹಿಡಿದು ಬಂದ ಬಿಳಿಯರು ಬಾಗಿಲು ಮುರಿದು, ಯಂತ್ರ ಒಡೆದರು. ಕಟ್ಟಡಕ್ಕೆ ಬೆಂಕಿ ಬಿತ್ತು. ಸುಟ್ಟ ಕಟ್ಟಡದ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಮ್ಯಾನ್ಲಿ ಮೊದಲೇ ಊರು ಬಿಟ್ಟಿದ್ದ. ಆಮೇಲೆ ಬೀದಿಗಳಲ್ಲಿ ಕೊಲೆ ಶುರುವಾಯಿತು. ಸತ್ತವರೆಷ್ಟು ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಹದಿನಾಲ್ಕು ಅಂದವರಿದ್ದಾರೆ, ಅರವತ್ತು ಅಂದವರಿದ್ದಾರೆ, ಅದಕ್ಕಿಂತ ಎಷ್ಟೋ ಹೆಚ್ಚು ಅಂದವರಿದ್ದಾರೆ. ಆರಿಸಿಬಂದ ನಗರಾಡಳಿತವನ್ನು ಬಂದೂಕು ತೋರಿಸಿ ರಾಜೀನಾಮೆ ಕೊಡಿಸಿ, ಅದೇ ದಿನ ವ್ಯಾಡೆಲ್ ಮೇಯರ್ ಆದ.

ಇದನ್ನು 'ಗಲಭೆ' ಅಂತಲೇ ನೂರು ವರ್ಷ ಕರೆದರು. ಕರಿಯರೇ ಶುರುಮಾಡಿದರು ಅಂತ ಪಠ್ಯಪುಸ್ತಕ ಬರೆದವರೂ ಇದ್ದರು. ರಾಜ್ಯದ ಶಾಸನಸಭೆ 2000ದಲ್ಲಿ ಆಯೋಗ ನೇಮಿಸಿ, ಅದರ ವರದಿ 2006ರಲ್ಲಿ ಬಂದ ಮೇಲೆ ಸರ್ಕಾರದ ಕಾಗದದಲ್ಲಿ ಸತ್ಯ ಬಂತು. ಅಷ್ಟು ತಡ ಯಾಕಾಯ್ತು? ಕಾರಣ ಬೇಕಾದಷ್ಟಿವೆ. ಒಂದು ಕಾರಣ ಕಾಗದದ್ದೇ. ಕೊಂದವರ ಪತ್ರಿಕೆಗಳು ಕಟ್ಟುಕಟ್ಟಾಗಿ ಉಳಿದವು. ಸತ್ತವರ ಪತ್ರಿಕೆ ಬೂದಿಯಾಗಿತ್ತು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಹಳೇ ಪತ್ರಿಕೆ ಉಳಿಸುವುದು ದುಡ್ಡಿನ ಕೆಲಸ. 1860-70ರ ನಂತರ ಪತ್ರಿಕೆಗಳು ಮರದ ತಿರುಳಿನ ಅಗ್ಗದ ಕಾಗದದ ಮೇಲೆ ಬಂದವು. ಅದರೊಳಗೇ ಆಮ್ಲ ಇರುತ್ತೆ. ಹಳದಿಯಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತೆ. ಅದಕ್ಕೇ ಅಮೆರಿಕದ ಸರ್ಕಾರ 1982ರಿಂದ 2011ರವರೆಗೆ ಐದು ಕೋಟಿ ಡಾಲರಿಗೂ ಮಿಕ್ಕಿ ಸುರಿದು ಸುಮಾರು 1,40,000 ಪತ್ರಿಕೆಗಳ ಪಟ್ಟಿ ಮಾಡಿಸಿತು, ಏಳು ಕೋಟಿಗೂ ಹೆಚ್ಚು ಪುಟಗಳನ್ನು ಮೈಕ್ರೋಫಿಲಂಗೆ ಇಳಿಸಿತು. 2005ರಿಂದ ಇನ್ನೊಂದು ಯೋಜನೆ: ಆ ಫಿಲಂಗಳನ್ನು ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಕಂಪ್ಯೂಟರಿನಿಂದ ಓದಿಸಿ, ಯಾರು ಬೇಕಾದರೂ ಹುಡುಕುವ ಹಾಗೆ ಪುಕ್ಕಟೆ ಇಡುವುದು. ಒಂದು ರಾಜ್ಯಕ್ಕೆ ಒಂದು ಸಲದ ಅನುದಾನದಲ್ಲಿ ಎರಡು ವರ್ಷಕ್ಕೆ ಸುಮಾರು ಒಂದು ಲಕ್ಷ ಪುಟ. ಒಳ್ಳೇ ಕೆಲಸ, ನಿಜಕ್ಕೂ ಒಳ್ಳೇ ಕೆಲಸ. ಅದನ್ನು ಅಲ್ಲಗಳೆಯುವ ಮೂರ್ಖತನ ನನಗಿಲ್ಲ.

ಆದರೆ ಯಾವ ಪತ್ರಿಕೆಯ ಒಂದು ಲಕ್ಷ ಪುಟ? ಅಲ್ಲಿದೆ ಕೀಲು. ಫಿಲಂ ಇರುವ ಪತ್ರಿಕೆ ಸ್ಕ್ಯಾನ್ ಮಾಡೋದು ಅಗ್ಗ. ಮುರಿಯುವ ಕಾಗದವನ್ನು ಬಿಡಿಸಿ, ಚಪ್ಪಟೆ ಮಾಡಿ, ಒಂದೊಂದೇ ಹಾಳೆ ಇಡೋದು ತುಟ್ಟಿ. ಸಂಚಿಕೆಗಳು ಬಿಡದೆ ಪೂರ್ತಿ ಸಿಗಬೇಕು, ರಾಜ್ಯದ ಮೇಲೆ ಪ್ರಭಾವ ಬೀರಿದ ಪತ್ರಿಕೆಯಾಗಿರಬೇಕು ಎಂಬ ಒತ್ತು ಬೇರೆ. ಶುರುವಿನಲ್ಲಿ 1900ರಿಂದ 1910ರವರೆಗಿನ ಪತ್ರಿಕೆ ಮಾತ್ರ ಎಂದು ಗೆರೆ ಹಾಕಿದ್ದರು. 1898ರಲ್ಲಿ ಸುಟ್ಟುಹೋದ ಪತ್ರಿಕೆ ಆ ಗೆರೆಯ ಒಳಗೆ ಬರೋದು ಹೇಗೆ? ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಪ್ರತಿ ನಿಯಮವೂ ಬಿಡಿಬಿಡಿಯಾಗಿ ನೋಡಿದರೆ ನ್ಯಾಯವಾಗೇ ಇದೆ. ಎಲ್ಲ ಕೂಡಿದರೆ ಮಾತ್ರ ಬೆಂಕಿ ಇಟ್ಟವನ ಪತ್ರಿಕೆ ಒಳಗೆ, ಬೆಂದವನದು ಹೊರಗೆ. ನಮ್ಮ ಮೀಸಲಾತಿ ಜಾಗಗಳಿಗೆ 'ಅರ್ಹರು ಸಿಗಲಿಲ್ಲ' ಅಂತ ಬರೆಯುತ್ತಾರಲ್ಲ, ಆ ಮಾತಿನ ಹಾಗೆ. ಆಮೇಲೆ ವರ್ಷಗಳ ಗೆರೆ ಹಿಗ್ಗಿತು, ಅಲ್ಪಸಂಖ್ಯಾತರ ಪತ್ರಿಕೆ ತನ್ನಿ ಅಂತಲೂ ಹೇಳಿದರು. ಕರಿಯರ ಹಲವು ಪತ್ರಿಕೆಗಳು ಬಂದವು ಕೂಡ. ಬಂದದ್ದು ಯಾಕೆ ಸಾಧ್ಯವಾಯ್ತು ಗೊತ್ತೆ? 1940ರ ದಶಕದಲ್ಲೇ ಆರ್ಮಿಸ್ಟೆಡ್ ಪ್ರೈಡ್ ಎಂಬ ಕರಿಯ ವಿದ್ವಾಂಸ ಊರೂರಿನ ಕರಿಯರ ಪತ್ರಿಕೆಗಳನ್ನು ಹುಡುಕಿ ಮೈಕ್ರೋಫಿಲಂ ಮಾಡಿಸುವ ಕೆಲಸ ನಡೆಸಿದ್ದ. ತುಂಡು ಸಿಕ್ಕರೂ ಸೈ, ಒಂದೇ ಸಂಚಿಕೆ ಸಿಕ್ಕರೂ ಸೈ. ಅರವತ್ತು ವರ್ಷದ ನಂತರದ ಅನುದಾನಕ್ಕೆ ಅವನು ಅಂದೇ ಅರ್ಜಿ ಬರೆದಿಟ್ಟ ಹಾಗಾಯ್ತು.

'ಡೈಲಿ ರೆಕಾರ್ಡ್' ಏನಾಯ್ತು? ಗೊತ್ತಿದ್ದ ಮಟ್ಟಿಗೆ ಉಳಿದದ್ದು ಏಳು ಪ್ರತಿ. ದಿನಪತ್ರಿಕೆಯೊಂದರಲ್ಲಿ ಏಳು ದಿನ. ವಿಲ್ಮಿಂಗ್ಟನ್ನಿನ ಕೆಲವು ಬರಹಗಾರರು, ಅವರ ಜೊತೆ ಎಂಟನೇ ತರಗತಿಯ ಮಕ್ಕಳು ಕೂಡಿ ಈ ಪ್ರತಿಗಳ ಬೆನ್ನು ಹತ್ತಿದರು. 2017ರಲ್ಲಿ ಆ ರಾಜ್ಯದ ಡಿಜಿಟಲ್ ಪರಂಪರೆ ಕೇಂದ್ರ ಅವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿತು. ಮಾಸಿದ ಅಕ್ಷರ ಯಂತ್ರಕ್ಕೆ ಓದೋಕಾಗೋದಿಲ್ಲ. ಮಕ್ಕಳು ಕೂತು ಸಾಲುಸಾಲು ಓದಿ ಬರೆದರು. ಆ ಹಾಳೆಗಳಲ್ಲಿ ಕ್ರಾಂತಿಯ ಕರೆ ಏನೂ ಕಾಣೋದಿಲ್ಲ. ಅಂಗಡಿ ಜಾಹೀರಾತು, ಚರ್ಚಿನ ಸಭೆ, ಯಾರು ಯಾವೂರಿಂದ ನೆಂಟರ ಮನೆಗೆ ಬಂದರು, ಇಂಥವೇ. ಬಿಳಿಯರ ಪತ್ರಿಕೆಗಳಲ್ಲಿ ರಾಕ್ಷಸರಾಗಿದ್ದವರು ತಮ್ಮ ಪತ್ರಿಕೆಯಲ್ಲಿ ಬೂಟು ಕೊಳ್ಳುತ್ತಿದ್ದರು, ಸಭೆಗೆ ಹೋಗುತ್ತಿದ್ದರು.

ಉಳಿಸಿಕೊಳ್ಳುವವರಿಗೂ ಬೆಂಕಿ ತಪ್ಪಲಿಲ್ಲ ಅನ್ನೋದಕ್ಕೆ ಇನ್ನೊಂದು ಮಾತು. ಗುಲಾಮಗಿರಿಯಿಂದ ಓಡಿಬಂದ ಫ್ರೆಡರಿಕ್ ಡಗ್ಲಸ್ 1847ರಲ್ಲಿ 'ನಾರ್ತ್ ಸ್ಟಾರ್' ಶುರುಮಾಡಿದ. ತನ್ನ ಪತ್ರಿಕೆಗಳ ಪೂರ್ತಿ ಸಂಪುಟಗಳನ್ನು ರಾಚೆಸ್ಟರಿನ ಮನೆಯಲ್ಲಿ ಜೋಪಾನ ಇಟ್ಟಿದ್ದ. 1872ರಲ್ಲಿ ಮನೆ ಸುಟ್ಟಿತು, ಸಂಪುಟಗಳೂ ಹೋದವು. ಇವತ್ತು ನಾವು ಓದುವುದು ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಿದ್ದು.

ಸರ್ಕಾರದ ದುಡ್ಡು ಬೇಡ, ಕಂಪನಿ ಕೊಡಲಿ ಅನ್ನೋರೂ ಇದ್ದಾರೆ. 'ಷಿಕಾಗೋ ಡಿಫೆಂಡರ್' ನೋಡಿ. 1905ರಲ್ಲಿ ರಾಬರ್ಟ್ ಅಬಟ್ 25 ಸೆಂಟು ಕೈಯಲ್ಲಿಟ್ಟುಕೊಂಡು ಬಾಡಿಗೆ ಮನೆಯೊಡತಿಯ ಅಡಿಗೆಮನೆಯಲ್ಲಿ ಶುರುಮಾಡಿದ ಪತ್ರಿಕೆ. ದಕ್ಷಿಣದ ಬಿಳಿಯರು ಅದನ್ನು ಊರೊಳಕ್ಕೆ ಬಿಡುತ್ತಿರಲಿಲ್ಲ. ರೈಲಿನ ಮಲಗುವ ಡಬ್ಬಿಗಳಲ್ಲಿ ಹಾಸಿಗೆ ಹಾಸುತ್ತಿದ್ದ ಕರಿಯ ಕೆಲಸಗಾರರು ಕಟ್ಟುಗಳನ್ನು ಬಚ್ಚಿಟ್ಟು ಒಯ್ದು ಹಂಚಿದರು. ಒಂದು ಪ್ರತಿ ಕ್ಷೌರದಂಗಡಿಯಲ್ಲಿ, ಚರ್ಚಿನಲ್ಲಿ ಓದು ಬರದವರಿಗೆಲ್ಲ ಓದಿ ಹೇಳಿ ಚಿಂದಿಯಾಗುತ್ತಿತ್ತು. ಉತ್ತರಕ್ಕೆ ಬನ್ನಿ ಎಂಬ ಅದರ ಕರೆ ಕೇಳಿ ಲಕ್ಷಾಂತರ ಜನ ಹತ್ತಿ ಹೊಲ ಬಿಟ್ಟು ರೈಲು ಹತ್ತಿದರು. 2019ರ ಜುಲೈನಲ್ಲಿ ಅದರ ಮುದ್ರಣ ನಿಂತಿತು. ಹಳೇ ಸಂಚಿಕೆಗಳನ್ನು ಒಂದು ಕಂಪನಿ ಡಿಜಿಟಲ್ ಮಾಡಿತು, ಚೆನ್ನಾಗೇ ಮಾಡಿತು. ಚಂದಾ ಕಟ್ಟಿದ ಗ್ರಂಥಾಲಯ, ವಿಶ್ವವಿದ್ಯಾಲಯಗಳ ಮೂಲಕ ಓದಬೇಕು. ಪುಕ್ಕಟೆ ಹೊತ್ತು ಹಂಚಿದವನ ಮೊಮ್ಮಗ ಬಾಗಿಲಲ್ಲಿ ಚೀಟಿ ತೋರಿಸಬೇಕು.

ಕಂಪನಿ ದುಡ್ಡು ಯಾವಾಗಲೂ ಬೀಗ ಹಾಕುತ್ತೆ ಅಂತಲೂ ಅಲ್ಲ. ಬಾಬಾಸಾಹೇಬರು 1946ರಲ್ಲಿ ಕರಿಯರ ನಾಯಕ ಡುಬಾಯ್ಸ್‌ಗೆ ಪತ್ರ ಬರೆದರು, ವಿಶ್ವಸಂಸ್ಥೆಗೆ ಅಮೆರಿಕದ ಕರಿಯರು ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ. ಆ ಕಾಗದವನ್ನು ನಾನು ನಮ್ಮೂರಲ್ಲಿ ಕೂತು ಕಣ್ಣಾರೆ ನೋಡಿದೆ. ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯ ಡುಬಾಯ್ಸ್ ಕಾಗದಪತ್ರಗಳನ್ನೆಲ್ಲ ತೆರೆದಿಟ್ಟಿದೆ. ಅದಕ್ಕೆ 2009ರಲ್ಲಿ ಎರಡು ಲಕ್ಷ ಡಾಲರ್ ಕೊಟ್ಟದ್ದು ಒಂದು ಟೆಲಿಫೋನ್ ಕಂಪನಿಯ ಪ್ರತಿಷ್ಠಾನ. ಕೊಡುವವನು ಯಾರು ಅನ್ನೋದಕ್ಕಿಂತ, ಕೊಡುವಾಗಲೇ ಬಾಗಿಲು ತೆರೆದಿರಬೇಕು ಅಂತ ಬರೆಸಿಕೊಂಡೆವೋ ಇಲ್ಲವೋ ಅನ್ನೋದು ದೊಡ್ಡದು ಅಂತ ನನಗನ್ನಿಸುತ್ತೆ.

ಬಾಬಾಸಾಹೇಬರ ಪತ್ರಿಕೆಗಳೇ ದುಡ್ಡಿಲ್ಲದೆ ಸತ್ತವು. 1920ರ ಜನವರಿ 31ಕ್ಕೆ 'ಮೂಕನಾಯಕ' ಬಂತು, ಕೊಲ್ಲಾಪುರದ ಶಾಹು ಮಹಾರಾಜರು ಕೊಟ್ಟ 2500 ರೂಪಾಯಿಂದ. ಅದರ ಜಾಹೀರಾತನ್ನು ದುಡ್ಡು ಕೊಡ್ತೀವಿ ಅಂದರೂ 'ಕೇಸರಿ' ಹಾಕಲಿಲ್ಲ. ತಿಲಕರು ಆಗ ಬದುಕಿದ್ದರು. 1927ರಲ್ಲಿ 'ಬಹಿಷ್ಕೃತ ಭಾರತ'. ಅದರ ಅಂಕಣಗಳನ್ನು ಬಹುಪಾಲು ಅವರೊಬ್ಬರೇ ತುಂಬಿದರು, ಸಾಲ ತಲೆಮೇಲೆ ಬಂತು, 1929ರಲ್ಲಿ ನಿಂತಿತು. ಎರಡನ್ನೂ ಮಹಾರಾಷ್ಟ್ರ ಸರ್ಕಾರ 1990ರಲ್ಲಿ ವಸಂತ ಮೂನ್ ಅವರ ದುಡಿಮೆಯಿಂದ ಒಂದೇ ಸಂಪುಟದಲ್ಲಿ ತಂದಿತು. ಅದೇ ಸರ್ಕಾರ ಮುಂದೆ ಬಾಬಾಸಾಹೇಬರ ಸಂಪುಟಗಳ ಒಂಬತ್ತು ಲಕ್ಷ ಪ್ರತಿ ಹಾಕಿಸುತ್ತೇವೆ ಅಂತ ಕಾಗದ ಕೊಂಡು, ಅಚ್ಚಾದದ್ದು ಬರೀ 33 ಸಾವಿರ ಅಂತ ಪತ್ರಿಕೆಯೊಂದು ಬರೆಯಿತು. 2021ರಲ್ಲಿ ಬಾಂಬೆ ಹೈಕೋರ್ಟು ತಾನಾಗಿಯೇ ಆ ವಿಷಯ ಕೈಗೆತ್ತಿಕೊಂಡಿತು. ದುಡ್ಡು ಮಂಜೂರಾಯ್ತು ಅಂದರೆ ಕೆಲಸ ಆಯ್ತು ಅಂತ ಅಲ್ಲ.

ಇತ್ತ ಅಮೆರಿಕದಲ್ಲಿ 2025ರಲ್ಲಿ ಏನಾಯ್ತು ನೋಡಿ. ಗ್ರಂಥಾಲಯಗಳಿಗೆ ದುಡ್ಡು ಕೊಡುವ ಕೇಂದ್ರ ಸಂಸ್ಥೆಯನ್ನು ಕುಗ್ಗಿಸಿ ಎಂದು ಮಾರ್ಚಿನಲ್ಲಿ ಅಧ್ಯಕ್ಷರ ಆಜ್ಞೆ ಹೊರಟಿತು. ಏಪ್ರಿಲಿನಲ್ಲಿ ಪತ್ರಿಕಾ ಯೋಜನೆಯನ್ನು ನಡೆಸುವ ಮಾನವಿಕ ದತ್ತಿ ಸಂಸ್ಥೆ ಸಾವಿರಕ್ಕೂ ಮಿಕ್ಕಿ ಅನುದಾನಗಳನ್ನು ರದ್ದು ಮಾಡಿತು. ಮೊಕದ್ದಮೆಗಳು ನಡೆದವು. ಆ ಏಳು ಪ್ರತಿಗಳನ್ನು ಸ್ಕ್ಯಾನ್ ಮಾಡಿದ ಕೇಂದ್ರಕ್ಕೂ ಬರುತ್ತಿದ್ದದ್ದು ಅದೇ ಗ್ರಂಥಾಲಯ ದುಡ್ಡು. ಆಸ್ಟ್ರೇಲಿಯಾದಲ್ಲಿ ಬೇರೆ ಥರ ಆಯ್ತು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ 'ಟ್ರೋವ್' ಭಂಡಾರಕ್ಕೆ 2023ರ ಜೂನಿಗೆ ದುಡ್ಡು ಮುಗಿಯುತ್ತೆ ಅಂದಾಗ ಜನ ಗದ್ದಲ ಎಬ್ಬಿಸಿದರು. ಅದರ ಯಂತ್ರ ತಪ್ಪು ಓದಿದ ಸಾಲುಗಳನ್ನು ಮನೆಯಲ್ಲಿ ಕೂತು ತಿದ್ದಿದ್ದವರು, ತಮ್ಮೂರ ಪತ್ರಿಕೆ ಸೇರಿಸಲು ಚಂದಾ ಎತ್ತಿದ್ದವರು ಅಲ್ಲಿದ್ದಾರೆ. ಅವರಿಗೆ ಅದು ಸರ್ಕಾರದ್ದಲ್ಲ, ತಮ್ಮದು. ಏಪ್ರಿಲಿನಲ್ಲಿ ನಾಲ್ಕು ವರ್ಷಕ್ಕೆ 3.3 ಕೋಟಿ ಡಾಲರ್ ಬಂತು.

ನಮ್ಮಲ್ಲಿ 1843ರ 'ಮಂಗಳೂರ ಸಮಾಚಾರ'ದ ಹೆಸರಲ್ಲಿ ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನ ಮಾಡ್ತೀವಿ, ಹಾರ ಹಾಕ್ತೀವಿ. ಅದರ ಹಿಂದೆ ಬಾಸೆಲ್ ಮಿಶನ್ ಇತ್ತು. ಎಪ್ಪತ್ತರ ದಶಕದಲ್ಲಿ ಮೈಸೂರಿನ ಹುಡುಗರು ಹೊರಡಿಸಿದ 'ಪಂಚಮ'ದ ಹಿಂದೆ ಹಾಸ್ಟೆಲಿನ ಒಂದು ಟ್ರಂಕು ಇದ್ದಿರಬಹುದು, ಅಷ್ಟೇ. ಜಿಲ್ಲೆ ಜಿಲ್ಲೆಯಲ್ಲಿ ಸಂಘಟನೆಯವರು ಸೈಕ್ಲೋಸ್ಟೈಲ್ ಮಾಡಿ ಹಂಚಿದ ಹಾಳೆಗಳಿಗೆ ನೋಂದಣಿ ಸಂಖ್ಯೆಯೂ ಇಲ್ಲ, ಯಾವ ಗ್ರಂಥಾಲಯದ ಪಟ್ಟಿಗೂ ಬರೋದಿಲ್ಲ.

ನನ್ನ ಹತ್ತಿರ ಅಂಥ ಹನ್ನೊಂದು ಹಾಳೆ ಇವೆ. ಪಿನ್ನು ತುಕ್ಕು ಹಿಡಿದು ಮೂಲೆ ತಿಂದಿದೆ. ಮೊನ್ನೆ ಅಕ್ಕನ ಮಗಳು ಮೊಬೈಲಲ್ಲಿ ಒಂದೊಂದೇ ಫೋಟೋ ತೆಗೆದಳು, ಖರ್ಚು ಒಂದು ಕಾಸಿಲ್ಲ. ನಿಮ್ಮ ಅಟ್ಟದ ಮೇಲೆ, ತೀರಿಹೋದ ಅಪ್ಪನ ಪೆಟ್ಟಿಗೆಯಲ್ಲಿ ಏನಾದರೂ ಇದ್ದರೆ ಮೊದಲು ಪಿನ್ನು ಬಿಚ್ಚಿ, ಬೆನ್ನಿಗೆ ಅಂಟುಪಟ್ಟಿ ಹಚ್ಚಬೇಡಿ. ಹೆಸರು, ತಿಂಗಳು, ವರ್ಷ, ಅಚ್ಚಾದ ಊರು ಇಷ್ಟು ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಹರಿದದ್ದಾದರೂ ಸರಿ, ಒಂದೇ ಹಾಳೆಯಾದರೂ ಸರಿ.